ವಿಮಾನದ ಸೀರೆ

ನಮ್ಮ ಮನೆಯಲ್ಲಿ ದಸರಾ ಗೊಂಬೆ ಕೂರಿಸುವಾಗ ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗಳಿಗೆ, ಕೆಳಗಿನ ಮೆಟ್ಟಿಲು ನನಗೆ. ಅಲ್ಲಿ ರಾಗಿ ಪೈರಿನ ಪಾರ್ಕು, ಕನ್ನಡಿಯ ಕೆರೆ, ಪಕ್ಕದಲ್ಲಿ ಕಪ್ಪು ಡ್ರಾಯಿಂಗ್ ಹಾಳೆಯ ರನ್‌ವೇ. ಅದರ ಮೇಲೆ ನನ್ನ ವಿಮಾನಗಳು ಸಾಲಾಗಿ ನಿಲ್ಲುತ್ತವೆ. ವರ್ಷವೆಲ್ಲ ಗಾಜಿನ ಬೀರುವಿನಲ್ಲಿ ಇರುವ ಇವಕ್ಕೆ ಗಾಳಿ ಬೆಳಕು ಸಿಗುವುದು ಆ ಹತ್ತು ದಿನ ಮಾತ್ರ.

ಹೋದ ವರ್ಷ ಮೈಸೂರಿನಿಂದ ಬಂದಿದ್ದ ಸೋದರತ್ತೆ ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ನೋಡಿದರು. "ಎಲ್ಲಾ ಒಂದೇ ವಿಮಾನ ಅಲ್ವೇನೋ? ಸೀರೆ ಮಾತ್ರ ಬೇರೆ ಬೇರೆ ಉಡಿಸಿದ್ದೀಯ" ಅಂದರು.

ಚುರುಕ್ ಅಂತು. ಏಕೆಂದರೆ ನಿಜ. ನನ್ನ ಹತ್ತಿರ ಇರುವುದೆಲ್ಲ ಒಂದಕ್ಕೆ ನಾನೂರರ ಅಳತೆಯ ಲೋಹದ ಮಾದರಿಗಳು. ಎಪ್ಪತ್ತು ಮೀಟರ್ ಉದ್ದದ ಜಂಬೋ ಜೆಟ್ ಈ ಅಳತೆಯಲ್ಲಿ ಹದಿನೇಳೂವರೆ ಸೆಂಟಿಮೀಟರ್, ಒಂದು ಗೇಣಿಗೂ ಕಡಿಮೆ. ತಯಾರಕರು ಒಂದು ಅಚ್ಚು ಮಾಡಿಕೊಂಡರೆ ಅದರಲ್ಲೇ ಹತ್ತಾರು ಕಂಪನಿಗಳ ವಿಮಾನ ಎರಕ ಹೊಯ್ಯುತ್ತಾರೆ. ಬದಲಾಗುವುದು ಬಣ್ಣ. ದುಡ್ಡು ಕೊಟ್ಟು ನಾನು ತರುತ್ತಿದ್ದುದು ವಿಮಾನವನ್ನಲ್ಲ, ಅದರ ಮೈಮೇಲಿನ ಬಣ್ಣವನ್ನು. ಇದು ಇಷ್ಟು ವರ್ಷ ನನಗೇ ಹೊಳೆದಿರಲಿಲ್ಲ.

ಅತ್ತೆಯ ಮಾತು ಹಿಡಿದು ನೋಡಿದರೆ ಎಲ್ಲ ಸಲೀಸು. ಬಾಲವೇ ಸೆರಗು. ಕಿಟಕಿಗಳ ಸಾಲಿನ ಮೇಲೆ ಮೂಗಿನಿಂದ ಹಿಂದಿನ ತನಕ ಓಡುವ ಪಟ್ಟಿ ಇದೆಯಲ್ಲ, ಅದೇ ಅಂಚು. ಅದಕ್ಕೆ ಚೀಟ್‌ಲೈನ್ ಅನ್ನುತ್ತಾರೆ. ಒಂದು ಕಾಲಕ್ಕೆ ಅಂಚಿಲ್ಲದ ವಿಮಾನವೇ ಅಪರೂಪ. ಮೇಲೆ ಬಿಳಿ, ನಡುವೆ ಬಣ್ಣದ ಪಟ್ಟಿ, ಹೊಟ್ಟೆ ಬರೀ ಲೋಹ. ಜಗತ್ತಿನ ಅರ್ಧ ವಿಮಾನ ಹೀಗೇ ಇದ್ದವು.

ನಾನು ಹುಡುಗನಾಗಿದ್ದಾಗ ಎಚ್‌ಎಎಲ್ ವಿಮಾನ ನಿಲ್ದಾಣಕ್ಕೆ ಮಾರತಹಳ್ಳಿ ಕಡೆಯಿಂದ ತಗ್ಗಿನಲ್ಲಿ ಇಳಿದು ಬರುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ ಕಿತ್ತಳೆ ಬಾಲವನ್ನು ರಸ್ತೆಯಲ್ಲೇ ನಿಂತು ಗುರುತಿಸಬಹುದಿತ್ತು. 2008ರ ಮೇ ತಿಂಗಳಲ್ಲಿ ಆ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಅಷ್ಟು ಹೊತ್ತಿಗೆ ಕಂಪನಿಯೇ ಏರ್ ಇಂಡಿಯಾದ ಹೊಟ್ಟೆ ಸೇರುವುದರಲ್ಲಿತ್ತು. ಕಿತ್ತಳೆ ಬಾಲ ಈಗ ನನ್ನ ಬೀರುವಿನಲ್ಲಿದೆ.

ಅಂಚಿನ ವಿಷಯದಲ್ಲಿ ಏರ್ ಇಂಡಿಯಾವನ್ನು ಮೀರಿಸಿದವರಿಲ್ಲ ಅಂತ ನನ್ನ ವಾದ. 1971ರಲ್ಲಿ ಬಂದ ಅವರ ಜಂಬೋ ಜೆಟ್‌ಗೆ ಒಂದೊಂದು ಕಿಟಕಿಯ ಸುತ್ತಲೂ ಕೆಂಪಿನಲ್ಲಿ ಅರಮನೆ ಜರೋಕಾದ ಕಮಾನು ಬರೆಸಿದ್ದರು. ವಿಮಾನದ ಉದ್ದಕ್ಕೂ ಕಮಾನುಗಳ ಸಾಲು. ನನ್ನ ಮಾದರಿಯಲ್ಲಿ ಆ ಒಂದೊಂದು ಕಮಾನು ಎಳ್ಳಿನ ಕಾಳಿಗಿಂತ ಚಿಕ್ಕದು. ಕೈಯಲ್ಲಿ ಬರೆಯಲು ಸಾಧ್ಯವೇ ಇಲ್ಲ. ಮೆತ್ತನೆಯ ಸಿಲಿಕೋನ್ ದಿಂಡಿಗೆ ಶಾಯಿಯ ಚಿತ್ರ ಅಂಟಿಸಿಕೊಂಡು, ದುಂಡಗಿನ ಮೈಗೆ ಒತ್ತುತ್ತಾರೆ. ದಿಂಡು ಬಗ್ಗಿ ಮೈಗೆ ಅಪ್ಪಿಕೊಳ್ಳುತ್ತದೆ, ಚಿತ್ರ ಕೂರುತ್ತದೆ. ಕೂದಲೆಳೆಯಷ್ಟು ಜರುಗಿದರೂ ಕಮಾನು ಒಂದು ಕಡೆ, ಕಿಟಕಿ ಒಂದು ಕಡೆ. ನನ್ನದರಲ್ಲಿ ಎಡಗಡೆ ಕೊನೆಯ ನಾಲ್ಕು ಹಾಗೇ ಆಗಿವೆ. ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದ್ದೇನೆ. 2023ರಲ್ಲಿ ಬಂದ ಹೊಸ ಬಣ್ಣದಲ್ಲಿ ಆ ಕಮಾನುಗಳ ಸಾಲು ಇಲ್ಲ. ನನಗೇನೋ ಬೇಜಾರು. ಹೊಸ ಸೀರೆ ಚೆನ್ನಾಗಿದೆ, ಆದರೆ ಅಂಚಿಲ್ಲ.

ಅಂಚು ಹೋಗಿದ್ದು ಸುಮ್ನೆ ಫ್ಯಾಷನ್‌ಗಲ್ಲ. ಬಹಳಷ್ಟು ವಿಮಾನಗಳು ಬಾಡಿಗೆಯವು. ಬಿಳಿ ಮೈ ಇದ್ದರೆ ಬಾಲ ಮತ್ತು ಹೆಸರು ಅಳಿಸಿ ಇನ್ನೊಬ್ಬರಿಗೆ ಕೊಡುವುದು ಸುಲಭ. ಬಿಸಿಲಿಗೆ ಕಾಯುವುದೂ ಕಡಿಮೆ. ಅಮೆರಿಕನ್ ಏರ್‌ಲೈನ್ಸ್‌ನವರು ಮಾತ್ರ ದಶಕಗಟ್ಟಲೆ ಮೈಗೆ ಬಣ್ಣವನ್ನೇ ಬಳಿಯದೆ, ತೊಳೆದಿಟ್ಟ ಸ್ಟೀಲ್ ಪಾತ್ರೆಯ ಹಾಗೆ ಉಜ್ಜಿ ಉಜ್ಜಿ ಹೊಳೆಸಿದರು. ಕೊನೆಗೆ ಲೋಹವಲ್ಲದ, ಕಾರ್ಬನ್ ನಾರಿನ ಮೈಯ ವಿಮಾನಗಳು ಬರುವ ಹೊತ್ತಾಯಿತು. ಅವನ್ನು ಉಜ್ಜಿದರೆ ಏನು ಹೊಳೆದೀತು? 2013ರಲ್ಲಿ ಅವರೂ ಬೆಳ್ಳಿ ಬಣ್ಣ ಬಳಿದುಕೊಂಡರು.

ಸೆರಗಿನ ಜಗಳ ಇನ್ನೂ ಸ್ವಾರಸ್ಯ. 1997ರಲ್ಲಿ ಬ್ರಿಟಿಷ್ ಏರ್‌ವೇಸ್‌ನವರು ಬಾಲದ ಮೇಲಿನ ಬಾವುಟ ತೆಗೆದು, ದೇಶ ದೇಶಗಳ ಕಲಾವಿದರ ಚಿತ್ತಾರ ಹಾಕಿಸಿದರು. ಅದೇ ವರ್ಷ ಪಕ್ಷದ ಸಮಾವೇಶದಲ್ಲಿ ಮಾಜಿ ಪ್ರಧಾನಿ ಮಾರ್ಗರೆಟ್ ಥ್ಯಾಚರ್‌ಗೆ ಒಂದು ಮಾದರಿ ವಿಮಾನ ಕಣ್ಣಿಗೆ ಬಿತ್ತು. ಆಕೆ ತನ್ನ ಕರ್ಚೀಫು ತೆಗೆದು ಅದರ ಬಾಲ ಮುಚ್ಚಿಬಿಟ್ಟರು. ಕ್ಯಾಮೆರಾಗಳೆಲ್ಲ ಎದುರಿಗೇ ಇದ್ದವು. 2001ರ ಹೊತ್ತಿಗೆ ಎಲ್ಲ ಬಾಲಗಳಿಗೂ ಬಾವುಟವೇ ವಾಪಸ್ ಅಂತ ತೀರ್ಮಾನವಾಯಿತು. ಕಾರಣ ಅದೊಂದೇ ಅಲ್ಲ, ಇರಲಿ. ಆದರೂ ಮೇಜಿನ ಮೇಲೆ ಹಿಡಿಸುವ ಒಂದು ಮಾದರಿಗೆ ಇಷ್ಟು ಮರ್ಯಾದೆ ಸಿಕ್ಕಿತಲ್ಲ ಅಂತ ನನಗೆ ಒಳಗೊಳಗೇ ಖುಷಿ.

ನಮ್ಮ ಬೆಂಗಳೂರಿನದೇ ಕತೆ ಬೇಕಾದರೆ ಏರ್ ಡೆಕ್ಕನ್ ಇದೆ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಶುರು ಮಾಡಿದ್ದು. ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಬರೆದ ಚೌಕಳಿ ಕೋಟಿನ 'ಸಾಮಾನ್ಯ ಮನುಷ್ಯ' ಅವರ ಗುರುತು. ಆ ಕಂಪನಿಯನ್ನು ಕಿಂಗ್‌ಫಿಷರ್ ಕೊಂಡಿತು. ಹೆಸರು ಸಿಂಪ್ಲಿಫ್ಲೈ ಡೆಕ್ಕನ್ ಆಯಿತು, ಮರುವರ್ಷ ಕಿಂಗ್‌ಫಿಷರ್ ರೆಡ್ ಆಯಿತು. 2012ಕ್ಕೆ ಎಲ್ಲ ಬಂದ್. ಹತ್ತು ವರ್ಷ ತುಂಬುವ ಮೊದಲೇ ಮೂರು ಸೀರೆ! ಹಾರುವ ವಿಮಾನಕ್ಕೆ ಬಣ್ಣ ಕೆರೆದು ಬೇರೆ ಬಣ್ಣ ಬಳಿದರೆ ಮುಗಿಯಿತು. ನನ್ನ ಹೆಬ್ಬೆರಳುದ್ದದ ಎಟಿಆರ್ ಅನ್ನುವ ಸಣ್ಣ ಪ್ರೊಪೆಲ್ಲರ್ ವಿಮಾನ ಇವತ್ತಿಗೂ ಡೆಕ್ಕನ್ನೇ.

ಸಪ್ತಮಿಯ ದಿನ ಆರತಿಗೆ ಬಂದ ಪಕ್ಕದ ಮನೆ ಹುಡುಗ ಕಡಲೆಕಾಳು ಉಸಲಿ ತಿಂದ ಕೈಯಲ್ಲೇ ಜಂಬೋವನ್ನು ಎತ್ತಿ, ಕೆರೆಯ ಮೇಲೆ ಒಂದು ಸುತ್ತು ಹಾರಿಸಿ, ಪಾರ್ಕಿನಲ್ಲಿ ಇಳಿಸಿದ. ಒಂದು ಚಕ್ರ ಕಳಚಿಕೊಂಡಿತು. ಆ ಚಕ್ರ ಸಾಸಿವೆಗಿಂತ ಸ್ವಲ್ಪ ದಪ್ಪ, ಅಷ್ಟೇ. ರಾಗಿ ಪೈರು ಆಗಲೇ ಬೆರಳುದ್ದ ಬೆಳೆದಿತ್ತು. ನಾನು ಟಾರ್ಚ್ ಹಿಡಿದು ಮಂಡಿಯೂರಿ ಹುಡುಕುತ್ತಿದ್ದರೆ, ಬಂದವರೆಲ್ಲ ದೇವರಿಗೆ ನಮಸ್ಕಾರ ಮಾಡುತ್ತಿದ್ದಾನೆ ಅಂದುಕೊಂಡು ಪಕ್ಕಕ್ಕೆ ಸರಿದರು. ಚಕ್ರ ಸಿಗಲಿಲ್ಲ. ಈಗ ಜಂಬೋ ಒಂದು ಕಡೆಗೆ ಚೂರು ವಾಲಿ ನಿಲ್ಲುತ್ತದೆ.

ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆ ಮಲಗಿಸಿದ ಮೇಲೆ ಅತ್ತೆ ತಮ್ಮದೊಂದು ಹಳೇ ಸೀರೆ ಹರಿದು ತಂದರು. ಗೊಂಬೆಗಳಿಗೆ ಸುತ್ತಿ ಉಳಿದ ತುಂಡನ್ನು ನೋಡಿ, ಜಂಬೋವನ್ನು ಕೈಗೆತ್ತಿಕೊಂಡರು. ಬೀರುವಿನಲ್ಲಿ ಇಡುವ ವಿಮಾನಕ್ಕೆ ಬಟ್ಟೆ ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಅವರು ಬಾಲದಿಂದ ಸುತ್ತಲು ಶುರು ಮಾಡಿದರು.