ಲಕ್ವ ಹೊಡೆದ ಮೇಲಿನ ಆ ಕೆಲವು ತಿಂಗಳು

ಜಪಾನಿನಲ್ಲಿ ಲಕ್ವ, ಅಂದರೆ ಸ್ಟ್ರೋಕ್ ಹೊಡೆದವರ ಜೀವಕ್ಕಿದ್ದ ಅಪಾಯ ಕಳೆದ ಮೇಲೆ, ಇನ್ನೂ ಕೈಕಾಲು ಸ್ವಾಧೀನಕ್ಕೆ ಬಂದಿಲ್ಲವಾದರೆ, ಅವರನ್ನು ಬೇರೊಂದು ಬಗೆಯ ವಾರ್ಡಿಗೆ ಕಳಿಸುತ್ತಾರೆ. ಅದು ಬರೀ ಪುನಶ್ಚೇತನಕ್ಕೆಂದೇ ಇರುವ ವಾರ್ಡು. 2000ರಲ್ಲಿ ಇದು ಜಪಾನಿನ ಆರೋಗ್ಯ ವಿಮೆಯೊಳಗೆ ಬಂತು. ಸ್ಟ್ರೋಕ್ ಆದವರು ಅಲ್ಲಿ 150 ದಿನಗಳವರೆಗೆ ಇರಬಹುದು. ನೆನಪು, ಗಮನಕ್ಕೂ ಜೋರು ಪೆಟ್ಟು ಬಿದ್ದಿದ್ದರೆ 180 ದಿನ. 20 ನಿಮಿಷದ ಒಂದೊಂದು ಪಾಠ, ದಿನಕ್ಕೆ ಒಂಬತ್ತರವರೆಗೆ. ಅಂದರೆ ಮೂರು ಗಂಟೆ!

ನಾನಿರುವುದು ಒಸಾಕಾದಲ್ಲಿ. ಜೊತೆಗೆ ಕೆಲಸ ಮಾಡುವವರೊಬ್ಬರ ತಂದೆ ಇಂಥ ವಾರ್ಡಿನಲ್ಲಿದ್ದಾಗ ನೋಡಲು ಹೋಗಿದ್ದೆ. ಆ ಹೊತ್ತಿಗೇ ಊರಿನಲ್ಲಿ ನಮ್ಮ ಚಿಕ್ಕಪ್ಪನಿಗೂ ಸ್ಟ್ರೋಕ್ ಆಗಿತ್ತು. ಡಾಕ್ಟರು ಅವರ ಜೀವ ಉಳಿಸಿದರು, ಆ ಋಣ ದೊಡ್ಡದು. ಆದರೆ ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಪಟ್ಟಿಯ ಕೆಳಗೆ ಇದ್ದದ್ದು ಒಂದೇ ಸಾಲು: ಫಿಸಿಯೊಥೆರಪಿ ಮಾಡಿಸಿ. ಎಲ್ಲಿ? ಎಷ್ಟು ದಿನ? ಏನು ಮಾಡಿಸಬೇಕು, ಏನು ಮಾಡಿಸಬಾರದು? ಹೇಳುವವರು ಯಾರೂ ಇರಲಿಲ್ಲ.

ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ಸ್ಟ್ರೋಕ್‌ನಲ್ಲಿ ಮೆದುಳಿನ ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಉಳಿದ ಭಾಗ ಆ ಕೆಲಸವನ್ನು ಕಲಿಯಬಲ್ಲದು, ಆದರೆ ಮತ್ತೆ ಮತ್ತೆ ಮಾಡಿದರೆ ಮಾತ್ರ. ಈ ಕಲಿಕೆ ಜಾಸ್ತಿ ಚುರುಕಾಗಿರುವುದು ಮೊದಲ ಕೆಲವು ತಿಂಗಳಲ್ಲಿ. ಆಮೇಲೂ ಸುಧಾರಣೆ ಆಗುತ್ತದೆ, ನಿಧಾನವಾಗಿ. ಆ ಚುರುಕಿನ ತಿಂಗಳುಗಳೇ ನಮ್ಮಲ್ಲಿ ಎಷ್ಟೋ ಜನರಿಗೆ ಮಂಚದ ಮೇಲೆ ಕಳೆದುಹೋಗುತ್ತವೆ.

ಒಸಾಕಾದಲ್ಲಿ ನಾನು ನೋಡಿದ ವಾರ್ಡಿನಲ್ಲಿ ಒಂದು ಅಡುಗೆಮನೆಯಿತ್ತು, ಸ್ನಾನದ ತೊಟ್ಟಿಯಿತ್ತು. ಜೊತೆಯವರ ತಂದೆ, ಆ ಅಜ್ಜ, ತೊಟ್ಟಿಯ ಅಂಚು ದಾಟುವುದನ್ನು ಕಲಿಯುತ್ತಿದ್ದರು. ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಹುಡುಗಿ ಅವರ ಸೊಂಟದ ಹತ್ತಿರ ಕೈಯಿಟ್ಟುಕೊಂಡು ನಿಂತಿದ್ದಳು, ಮುಟ್ಟಲಿಲ್ಲ. ಬೀಳುವ ಹಾಗಾದರೆ ಹಿಡಿಯಲು ಮಾತ್ರ ಆ ಕೈ. ಅಂಗಿ ತೊಡುವುದಕ್ಕೂ ಕ್ರಮವಿದೆ: ಮೊದಲು ಸೋತ ಕೈಯನ್ನು ತೋಳಿಗೆ ತೂರಿಸಬೇಕು, ಬಿಚ್ಚುವಾಗ ಗಟ್ಟಿ ಕೈ ಮೊದಲು. ಇಷ್ಟು ಗೊತ್ತಿದ್ದರೆ ಒಬ್ಬ ಮನುಷ್ಯ ಬೆಳಿಗ್ಗೆ ಯಾರನ್ನೂ ಕೂಗದೆ ತಯಾರಾಗಬಹುದು. ಸ್ಪೀಚ್ ಥೆರಪಿಸ್ಟ್ ಕೆಲಸ ಮಾತಿಗಷ್ಟೇ ಅಲ್ಲ, ನುಂಗುವುದಕ್ಕೂ ಬೇಕು. ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಊರಿನಲ್ಲಿ ಚಿಕ್ಕಮ್ಮ ತುತ್ತು ಮಾಡಿ ಬಾಯಿಗಿಡುತ್ತಿದ್ದರು. ಮಗ ಎತ್ತಿಕೊಂಡು ಹೋಗಿ ಸ್ನಾನ ಮಾಡಿಸುತ್ತಿದ್ದ. ಅಷ್ಟು ಪ್ರೀತಿ, ಅಷ್ಟು ಸೇವೆ. ಚಿಕ್ಕಪ್ಪ ತಾವೇ ಮಾಡಬೇಕಾದ ಕೆಲಸ ಮಾತ್ರ ಒಂದೂ ಉಳಿದಿರಲಿಲ್ಲ. ಮನೆಯವರನ್ನು ದೂರಲು ನನಗೆ ಮನಸ್ಸಿಲ್ಲ. "ಹತ್ತಿರ ನಿಲ್ಲಿ, ಆದರೆ ಅವರೇ ಮಾಡಲಿ" ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಲ್ವಾ?

ಹಾಗಂತ ಜಪಾನಿನದನ್ನು ಹಾಗೇ ಎತ್ತಿ ತರಬೇಕು ಎನ್ನುವುದಿಲ್ಲ. ನಮ್ಮವರು ಕಲಿಯಬೇಕಾದದ್ದು ಚಾಪ್‌ಸ್ಟಿಕ್ ಹಿಡಿಯುವುದನ್ನಲ್ಲ. ಅನ್ನ ಸಾರು ಕಲಸುವುದು, ತಂಬಿಗೆ ಎತ್ತಿ ನೀರು ಹೊಯ್ದುಕೊಳ್ಳುವುದು, ಹೊಸ್ತಿಲು ದಾಟುವುದು, ಪಂಚೆ ಸುತ್ತುವುದು, ಹಿತ್ತಿಲ ಬಚ್ಚಲಿಗೆ ಹೋಗಿ ಬರುವುದು. ನಮ್ಮ ಬದುಕಿಗೆ ಹೊಂದುವ ಚಿಕಿತ್ಸೆಯನ್ನು ಭಾರತ ಮಾಡಿ ತೋರಿಸಿದೆ. 1960ರ ದಶಕದ ಕೊನೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾ. ಪಿ.ಕೆ. ಸೇಠಿ ರೂಪಿಸಿದ ಜೈಪುರ ಕಾಲು ಎಂಬ ಕೃತಕ ಕಾಲು ಹಾಕಿಕೊಂಡವರು ಕುಕ್ಕರಗಾಲಲ್ಲಿ ಕೂರಬಹುದು, ಬರಿಗಾಲಲ್ಲಿ ಗದ್ದೆಗೆ ಇಳಿಯಬಹುದು. ನಮ್ಮ ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಮಾತು ಕಳೆದುಕೊಂಡವರಿಗೆ ಕನ್ನಡದಲ್ಲೇ ಪಾಠ ಸಿಗುವ ಜಾಗ ಅದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನಶ್ಚೇತನಕ್ಕೇ ಒಂದು ವಿಭಾಗವಿದೆ. ತಿಳಿದವರು ಇದ್ದಾರೆ. ತಾಲ್ಲೂಕಿನ ರೋಗಿಗೆ ಅವರು ದೂರ.

ಜಪಾನಿನಲ್ಲಿ ಇಲ್ಲದ್ದೂ ಒಂದಿದೆ. ಮನೆಗೆ ಮರಳಿದ ಅಜ್ಜನ ಜೊತೆ ಇರುವುದು ವಯಸ್ಸಾದ ಹೆಂಡತಿ ಮಾತ್ರ. ಸರ್ಕಾರದ ಆರೈಕೆ ವಿಮೆ ಹಿಡಿಕಂಬಿ ಹಾಕಿಸಲು, ಮೆಟ್ಟಿಲು ಸರಿಮಾಡಿಸಲು ಎರಡು ಲಕ್ಷ ಯೆನ್‌ವರೆಗಿನ ಖರ್ಚಿನಲ್ಲಿ ಹೆಚ್ಚಿನ ಪಾಲು ಕೊಡುತ್ತದೆ. ಸಂಜೆ ಜಗಲಿಯಲ್ಲಿ ಕೂತು ಮಾತಾಡಿಸುವವರನ್ನು ಯಾವ ವಿಮೆಯೂ ಕೊಡುವುದಿಲ್ಲ. ನಮ್ಮಲ್ಲಿ ಆ ಜನ ಇನ್ನೂ ಇದ್ದಾರೆ. ರೋಗಿಯ ಹಾಸಿಗೆ ಪಕ್ಕದಲ್ಲೇ ಹಗಲೂ ರಾತ್ರಿ ಕೂತಿರುತ್ತಾರೆ.

ಅವರಿಗೇ ಕಲಿಸಿ ಎಂದು ನಾನು ಕೇಳುವುದು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಒಬ್ಬ ಫಿಸಿಯೊ, ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್ ಇರಲಿ. ಡಿಸ್ಚಾರ್ಜ್‌ಗೆ ಮುಂಚೆ ಮನೆಯವರ ಕೈಯಿಂದಲೇ ಎಲ್ಲ ಮಾಡಿಸಿ ನೋಡಲಿ: ಹಾಸಿಗೆಯಿಂದ ಎಬ್ಬಿಸುವುದು, ನೆಟ್ಟಗೆ ಕೂರಿಸಿ ಗುಟುಕು ಗುಟುಕಾಗಿ ಕುಡಿಸುವುದು, ಸೋತ ಭುಜವನ್ನು ಜಗ್ಗದೆ ಹಿಡಿಯುವುದು. ಅಲ್ಲಿಯವರೆಗೆ, ಆಸ್ಪತ್ರೆಯಲ್ಲಿ ಯಾರೂ ತಾವಾಗಿ ಹೇಳದಿದ್ದರೆ, ಚೀಟಿ ತೆಗೆದುಕೊಳ್ಳುವ ಮುಂಚೆ ನೀವೇ ಕೇಳಿ.