ವಯಸ್ಸಾಯಿತು ಎಂಬುದು ರೋಗದ ಹೆಸರಲ್ಲ: ಮುದಿ ನಾಯಿ ಮತ್ತು ಗಿಡಮೂಲಿಕೆಯ ಡಬ್ಬಿ

ಮುದಿ ನಾಯಿಯ ಹಿಂಗಾಲು ನಡುಗಲು ಶುರುವಾದಾಗ ಸುತ್ತಲಿನವರು ಮೊದಲು ಹೇಳುವುದು, "ವಯಸ್ಸಾಯಿತಲ್ಲ, ಇನ್ನು ಹೀಗೆಯೇ." ಅದರ ಬೆನ್ನಿಗೇ ಬರುವ ಮಾತು, "ಯಾವುದಾದರೂ ಗಿಡಮೂಲಿಕೆಯ ಪುಡಿ ಕೊಟ್ಟು ನೋಡಿ, ಅದರಿಂದ ತೊಂದರೆಯಂತೂ ಆಗದು." ಎರಡನ್ನೂ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಮೊದಲನೆಯ ಮಾತು ನೋವನ್ನು ಸಹಜವೆಂದು ನಮ್ಮಿಂದ ಒಪ್ಪಿಸಿಬಿಡುತ್ತದೆ, ಎರಡನೆಯದು ಏನೋ ಮಾಡಿದೆವೆಂಬ ಸಮಾಧಾನ ಕೊಡುತ್ತದೆ. ಈ ಎರಡರ ನಡುವೆ ಎಷ್ಟೋ ನಾಯಿಗಳು ತಿಂಗಳುಗಟ್ಟಲೆ ನೋವು ತಿನ್ನುತ್ತಾ ಮಲಗಿರುತ್ತವೆ. ನನಗೆ ಸಿಟ್ಟು ಬರುವುದು ಇಲ್ಲಿ.

ಗಿಡಮೂಲಿಕೆಯ ಮೇಲೆ ನನಗೆ ಹಗೆಯಿಲ್ಲ. ಮುಪ್ಪಿನ ನಾಯಿಯೊಂದರ ಜೊತೆ ಬದುಕುತ್ತಿದ್ದೇನೆ. ಅದು ಇನ್ನೊಂದಿಷ್ಟು ದಿನ ಹಗುರವಾಗಿ ಓಡಾಡಲಿ ಎಂಬ ಆಸೆ ಎಷ್ಟು ಗಟ್ಟಿಯಾದದ್ದು ಎಂದು ಬಲ್ಲೆ. ನನ್ನ ತಕರಾರು ಇರುವುದು ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ. ನೋವು ಎಲ್ಲಿದೆ, ಏಕಿದೆ ಎಂದು ಪಶುವೈದ್ಯರಿಂದ ತಿಳಿಯುವುದು ಮೊದಲು. ಚಿಕಿತ್ಸೆ ಅದರ ನಂತರ. ಪೂರಕಗಳು, ಹೆಸರೇ ಹೇಳುವಂತೆ, ಅದರ ಜೊತೆಗೆ. ಈಗ ನಡೆಯುತ್ತಿರುವುದು ತಿರುಗುಮುರುಗು: ಡಬ್ಬಿ ಮೊದಲು ಬರುತ್ತದೆ, ಅದು ಖಾಲಿಯಾಗುವವರೆಗೆ ವೈದ್ಯರು ಕಾಯಬೇಕು.

ನೋವಾದರೆ ನಾಯಿ ಕೂಗುತ್ತದೆ ಎಂದು ನಾವು ನಂಬಿದ್ದೇವೆ. ದಿಢೀರನೆ ಏಟು ಬಿದ್ದರೆ ಕೂಗುತ್ತದೆ, ನಿಜ. ಕೀಲು ಸವೆದು ವರ್ಷಗಟ್ಟಲೆ ಒಳಗೇ ಕೊರೆಯುವ ನೋವಿಗೆ ಸಾಮಾನ್ಯವಾಗಿ ಕೂಗುವುದಿಲ್ಲ. ಮೆಟ್ಟಿಲಿನ ಮುಂದೆ ಬಂದು ತಡೆದು ನಿಲ್ಲುತ್ತದೆ. ಏಳುವಾಗ ಭಾರವನ್ನೆಲ್ಲ ಮುಂಗಾಲಿನ ಮೇಲೆ ಹಾಕಿ ಹಿಂಭಾಗವನ್ನು ಎಳೆದುಕೊಳ್ಳುತ್ತದೆ. ನುಣುಪು ನೆಲವನ್ನು ಬಳಸಿಕೊಂಡು ಹೋಗುತ್ತದೆ. ಒಂದೇ ಕೀಲನ್ನು ನೆಕ್ಕುತ್ತಲೇ ಇರುತ್ತದೆ. ತೊಡೆಯ ಮಾಂಸಖಂಡ ಕರಗುತ್ತಾ ಬರುತ್ತದೆ, ಕಾಲೆಳೆದು ನಡೆಯುವುದರಿಂದ ಉಗುರುಗಳು ಒಂದೊಂದು ರೀತಿ ಸವೆಯುತ್ತವೆ. ಬೆನ್ನು ಸವರಿದರೆ ಗುರ್ ಎನ್ನುತ್ತದೆ. ಮನೆಯವರು "ಮುದಿಯಾದ ಮೇಲೆ ಸಿಡುಕು ಜಾಸ್ತಿ" ಎನ್ನುತ್ತಾರೆ. ಇವೆಲ್ಲ ನೋವಿನ ಮಾತುಗಳು. ಇನ್ನೂ ಒಂದು ಸಂಗತಿ ಇದೆ. ನಿಧಾನವಾದ ನಾಯಿಗೆಲ್ಲ ಕೀಲಿನದೇ ತೊಂದರೆ ಎಂದೇನಿಲ್ಲ. ಥೈರಾಯ್ಡ್ ಕುಂದಿರಬಹುದು, ಹೃದಯ ಸೋತಿರಬಹುದು, ಬೆನ್ನುಹುರಿ ಒತ್ತಿರಬಹುದು, ಹಲ್ಲು ಕೊಳೆತಿರಬಹುದು, ಹೊಟ್ಟೆಯೊಳಗೆ ಗಡ್ಡೆ ಬೆಳೆಯುತ್ತಿರಬಹುದು. ಮೂತ್ರಪಿಂಡದ ಬಹುಪಾಲು ಕೆಲಸ ನಿಂತ ಮೇಲೆಯೇ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಹೊರಹಾಕಬೇಕಾದ ತ್ಯಾಜ್ಯ, ಏರುವುದು ಕಾಣುತ್ತದೆ. ಅಂಥ ಕಾಯಿಲೆಯಲ್ಲಿ ಕೀಲಿನ ಪುಡಿಯನ್ನು ನಂಬಿ ಕಳೆದ ತಿಂಗಳುಗಳು ತಿರುಗಿ ಸಿಗುವುದಿಲ್ಲ.

"ಆದರೆ ನಮ್ಮ ನಾಯಿಗೆ ಗುಣ ಕಂಡಿತಲ್ಲ!" ಎಂದು ಹೇಳುವವರು ಬಹಳ. ಅವರು ಸುಳ್ಳು ಹೇಳುತ್ತಿಲ್ಲ. ಇಲ್ಲಿಯೇ ಈ ವಿಷಯದ ತಿರುಳು ಇರುವುದು. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಂಧಿವಾತದಿಂದ ಕುಂಟುತ್ತಿದ್ದ 58 ನಾಯಿಗಳನ್ನು ನೋಡಿದರು. ಅವಕ್ಕೆ ಸಿಕ್ಕಿದ್ದು ಔಷಧಿಯಲ್ಲ, ಔಷಧಿಯಂತೆ ಕಾಣುವ ಹುಸಿ ಮಾತ್ರೆ. ನಡೆಯುವಾಗ ಕಾಲು ನೆಲಕ್ಕೆ ಎಷ್ಟು ಭಾರ ಕೊಡುತ್ತದೆ ಎಂದು ಅಳೆಯುವ ಯಂತ್ರದ ಲೆಕ್ಕವನ್ನು ಮನೆಯವರ ಹೇಳಿಕೆಯ ಪಕ್ಕದಲ್ಲಿ ಇಟ್ಟಾಗ, ಮನೆಯವರ ಅಂದಾಜು ಅರ್ಧಕ್ಕಿಂತ ಹೆಚ್ಚು ಬಾರಿ ತಪ್ಪಿತ್ತು. ಯಂತ್ರಕ್ಕೆ ಕಾಣದ ಸುಧಾರಣೆ ಅವರಿಗೆ ಕಂಡಿತ್ತು. ಪಶುವೈದ್ಯರ ಕಣ್ಣಿಗೂ ಶೇಕಡಾ 40ರ ಆಸುಪಾಸು ಇದೇ ಆಯಿತು. ಮನುಷ್ಯರಲ್ಲಾದರೆ ಹುಸಿ ಮಾತ್ರೆ ನುಂಗಿದವನಿಗೇ ಸ್ವಲ್ಪ ಹಿತವಾಗುತ್ತದೆ. ಇಲ್ಲಿ ಹಿತವಾಗುವುದು ಕೊಟ್ಟವರಿಗೆ. ನಾಯಿಯ ನೋವು ಇದ್ದಲ್ಲಿಯೇ ಇರುತ್ತದೆ. ಇದನ್ನು ಓದಿದ ಮೇಲೆ "ಸುಧಾರಿಸಿದ ಹಾಗೆ ಕಾಣುತ್ತದೆ" ಎಂಬ ಮಾತನ್ನು ನಾನು ಹಗುರವಾಗಿ ಆಡುವುದಿಲ್ಲ. ಕೀಲುನೋವಿಗೆ ಏರಿಳಿತವೂ ಇರುತ್ತದೆ. ತೀರಾ ಕೆಟ್ಟ ವಾರದಲ್ಲಿ ನಾವು ಡಬ್ಬಿ ತರುತ್ತೇವೆ. ಮುಂದಿನ ವಾರ ನೋವು ತಾನಾಗಿ ಇಳಿದರೆ ಹೆಸರು ಪುಡಿಗೆ ಹೋಗುತ್ತದೆ.

ಈಗ ಮೂಲಿಕೆಗಳ ವಿಷಯ. ಎಲ್ಲರ ಬಾಯಲ್ಲೂ ಮೊದಲು ಬರುವುದು ಅರಿಶಿನ. ಅದರಲ್ಲಿನ ಕರ್ಕ್ಯುಮಿನ್ ಪ್ರಯೋಗಾಲಯದಲ್ಲಿ ಉರಿಯೂತವನ್ನು ತಗ್ಗಿಸುತ್ತದೆ, ಸಂಶಯವಿಲ್ಲ. ಆದರೆ ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಶೇಕಡಾ ಮೂರರ ಆಸುಪಾಸು, ಅದರಲ್ಲೂ ಕರುಳಿನಿಂದ ರಕ್ತಕ್ಕೆ ಇಳಿಯುವುದು ಅತ್ಯಲ್ಪ. 2003ರಲ್ಲಿ ಅರಿಶಿನ ಜಾತಿಯ ಸಾರವನ್ನು ಸಂಧಿವಾತದ ನಾಯಿಗಳಿಗೆ ಕೊಟ್ಟು, ಇನ್ನೊಂದು ಗುಂಪಿಗೆ ಹುಸಿ ಮಾತ್ರೆ ಕೊಟ್ಟು ಹೋಲಿಸಿದ ಪ್ರಯೋಗ ಪ್ರಕಟವಾಯಿತು. ವೈದ್ಯರ ಒಟ್ಟಾರೆ ಅಂದಾಜಿನಲ್ಲಿ ಸಾರ ಗೆದ್ದಿತು. ಕಾಲಿನ ಭಾರ ಅಳೆದ ಯಂತ್ರದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹೀರಿಕೆ ಹೆಚ್ಚಲಿ ಎಂದು ಕಾಳುಮೆಣಸು ಸೇರಿಸಿ ಎಂಬ ಸಲಹೆಯೂ ಓಡಾಡುತ್ತದೆ. ಮೆಣಸಿನ ಪೈಪರಿನ್ ಹೀರಿಕೆಯನ್ನು ಹೆಚ್ಚಿಸುವುದು, ಔಷಧಿಗಳನ್ನು ಒಡೆಯುವ ಕಿಣ್ವಗಳ ಕೆಲಸಕ್ಕೆ ತಡೆಯೊಡ್ಡಿ. ಅಂದರೆ ಅದೇ ನಾಯಿ ನುಂಗುತ್ತಿರುವ ಬೇರೆ ಮಾತ್ರೆಗಳ ಪ್ರಮಾಣವೂ ರಕ್ತದಲ್ಲಿ ಏರಬಹುದು. ಮುದಿ ನಾಯಿಗೆ ಹೃದಯಕ್ಕೋ ಅಪಸ್ಮಾರಕ್ಕೋ ಮಾತ್ರೆ ನಡೆಯುತ್ತಿರುವುದು ಅಪರೂಪವಲ್ಲ. ಇಷ್ಟು ದೊಡ್ಡ ವಿಷಯವನ್ನು ಒಂದು ಚಿಟಿಕೆಯ ಸಲಹೆಯಾಗಿ ದಾಟಿಸುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಶಲ್ಲಕಿ, ಅಂದರೆ ಬೋಸ್ವೆಲಿಯಾ ಸೆರಾಟಾ ಮರದ ಅಂಟು, ನನಗೆ ಹೆಚ್ಚು ಭರವಸೆ ಹುಟ್ಟಿಸುವ ಮೂಲಿಕೆ. 2004ರ ಒಂದು ಅಧ್ಯಯನದಲ್ಲಿ ಲೆಕ್ಕಕ್ಕೆ ತೆಗೆದುಕೊಂಡ 24 ನಾಯಿಗಳ ಪೈಕಿ 17ರಲ್ಲಿ ಎರಡು ವಾರಗಳೊಳಗೆ ಸುಧಾರಣೆ ಕಂಡಿತು. ಆದರೆ ಅಲ್ಲಿ ಹುಸಿ ಮಾತ್ರೆಯ ಗುಂಪು ಇರಲಿಲ್ಲ. ಏನು ಕೊಡುತ್ತಿದ್ದೇವೆ ಎಂದು ಎಲ್ಲರಿಗೂ ಗೊತ್ತಿತ್ತು. ಮೇಲೆ ಹೇಳಿದ 58 ನಾಯಿಗಳನ್ನು ನೆನಪಿಟ್ಟುಕೊಂಡು ಈ ಅಂಕಿಯನ್ನು ಓದಬೇಕು. ವೈದ್ಯರು ಒಪ್ಪಿದರೆ ನೋವಿನ ಔಷಧಿಯ ಜೊತೆಗೆ ಇದನ್ನು ಕೊಟ್ಟು ನೋಡುವುದರಲ್ಲಿ ತಪ್ಪಿಲ್ಲ. ಔಷಧಿಯ ಬದಲಿಗೆ ಕೊಡುವಷ್ಟು ಪುರಾವೆ ಇಲ್ಲ.

ಹಾಲುಮುಳ್ಳು ಎಂಬ ಗಿಡದ ಸಿಲಿಮರಿನ್ ಅನ್ನು ಪಶುವೈದ್ಯರೇ ಯಕೃತ್ತಿನ ತೊಂದರೆಗಳಲ್ಲಿ ಬರೆಯುವುದುಂಟು. ಯಕೃತ್ತು ಚೆನ್ನಾಗಿರುವ ನಾಯಿಗೆ "ಶುದ್ಧಿ"ಗಾಗಿ ಅದನ್ನು ಕೊಡುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರುಪೇರು ಮಾಡಬಲ್ಲದು, ಮಂಪರು ತರಿಸುವ ಔಷಧಿಗಳ ಪರಿಣಾಮವನ್ನು ಹೆಚ್ಚಿಸಬಲ್ಲದು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿರುವ ನಾಯಿಗೆ ವೈದ್ಯರಿಗೆ ಹೇಳದೆ ಅದನ್ನು ಕೊಡಲೇಬಾರದು. ಗಾಂಜಾ ಗಿಡದ, ಅಮಲು ತರಿಸದ ಸಿಬಿಡಿ ಎಂಬ ಅಂಶದ ಎಣ್ಣೆಯ ಬಗ್ಗೆ ಕಾರ್ನೆಲ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೋವು ಇಳಿದದ್ದು ಕಂಡಿತು, ಜೊತೆಗೆ ಯಕೃತ್ತಿನ ಒಂದು ಕಿಣ್ವದ ಮಟ್ಟ ಏರಿದ್ದೂ ಕಂಡಿತು. ಅದೇ ಗಿಡದ ಅಮಲು ತರಿಸುವ ಅಂಶ ಟಿಎಚ್‌ಸಿ ನಾಯಿಗೆ ವಿಷ.

ವಿಷದ ಮಾತು ಬಂದದ್ದರಿಂದ ಇದನ್ನು ಬಿಡಿಸಿ ಹೇಳಲೇಬೇಕು. ನೈಸರ್ಗಿಕ ಎಂಬ ಒಂದೇ ಕಾರಣಕ್ಕೆ ಯಾವುದೂ ನಾಯಿಗೆ ನಿರಪಾಯವಾಗುವುದಿಲ್ಲ. ಬೆಳ್ಳುಳ್ಳಿ ಮತ್ತು ಈರುಳ್ಳಿ ಅದರ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಪುಡಿ ಮಾಡಿ ಒಣಗಿಸಿದರೆ ಇನ್ನೂ ಸಾಂದ್ರವಾಗುತ್ತವೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಟೀ ಟ್ರೀ ಎಣ್ಣೆಯನ್ನು ಮೈಗೆ ಹಚ್ಚಿದರೂ ನಡುಕ, ನಿತ್ರಾಣ ಬರಬಹುದು. ನಿದ್ದೆಗೆಂದು ಮನುಷ್ಯರು ನುಂಗುವ 5-ಎಚ್‌ಟಿಪಿ, ಒಂದು ಗಿಡದ ಬೀಜದಿಂದ ತೆಗೆದದ್ದು, ನಾಯಿಯಲ್ಲಿ ಸೆಳವು ತರಬಲ್ಲದು. ವಿಲೋ ಮರದ ತೊಗಟೆಯಲ್ಲಿ ಇರುವುದು ಆಸ್ಪಿರಿನ್‌ನ ಬಂಧುವೇ ಆದ ಸ್ಯಾಲಿಸಿಲೇಟು. ಕಾರ್ಪ್ರೊಫೆನ್‌ನಂಥ ನೋವಿನ ಮಾತ್ರೆಯ ಜೊತೆ ಅದು ಸೇರಿದರೆ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಆಗಬಹುದು. ನೆನಪಿನ ಶಕ್ತಿಗೆಂದು ಮಾರುವ ಗಿಂಕೊ ಮರದ ಎಲೆ ಮತ್ತು ಹೆಚ್ಚಿನ ಪ್ರಮಾಣದ ಅರಿಶಿನ ರಕ್ತ ಹೆಪ್ಪುಗಟ್ಟುವುದನ್ನು ನಿಧಾನಿಸಬಲ್ಲವು. ಆದ್ದರಿಂದ ಹಲ್ಲು ಕೀಳಿಸುವುದಕ್ಕೋ ಗಡ್ಡೆ ತೆಗೆಸುವುದಕ್ಕೋ ಹೋಗುವ ಮುನ್ನ ಪುಡಿಯ ವಿಷಯವನ್ನು ಶಸ್ತ್ರಚಿಕಿತ್ಸಕರಿಗೆ ಹೇಳಿ, ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಕೇಳಿಕೊಳ್ಳಿ. ಮನುಷ್ಯರಿಗೆಂದು ಮಾಡಿದ ಸಿಹಿ ಮಾತ್ರೆಗಳಲ್ಲಿ ಸಕ್ಕರೆಯ ಬದಲು ಬಳಸುವ ಕ್ಸೈಲಿಟಾಲ್ ಇದ್ದರೆ ಅದರಿಂದ ನಾಯಿಯ ರಕ್ತದ ಸಕ್ಕರೆ ಕುಸಿಯುತ್ತದೆ, ಯಕೃತ್ತು ಸೋಲಬಹುದು. ನಮ್ಮ ಡಬ್ಬಿಯಿಂದ ಅದಕ್ಕೊಂದು ಎಂಬ ಅಭ್ಯಾಸವನ್ನು ದಯವಿಟ್ಟು ಬಿಡಿ.

ಡಬ್ಬಿಯ ಮೇಲಿನ ಬರಹವೂ ಭರವಸೆಗೆ ಸಾಲದು. ಅಮೆರಿಕದಲ್ಲಿ 1994ರಲ್ಲಿ ಬಂದ ಆಹಾರಪೂರಕಗಳ ಕಾನೂನು ಪ್ರಾಣಿಗಳ ಉತ್ಪನ್ನಗಳಿಗೆ ಅನ್ವಯಿಸುವುದಿಲ್ಲ ಎಂದು ಅಲ್ಲಿನ ನಿಯಂತ್ರಣ ಸಂಸ್ಥೆ 1996ರಲ್ಲೇ ಹೇಳಿತು. "ಕೀಲುಗಳ ಆರೋಗ್ಯಕ್ಕೆ ಬೆಂಬಲ" ಎಂಬಂಥ ಮಾತಿಗೆ ಔಷಧಿಗೆ ಬೇಕಾಗುವಂಥ ಪುರಾವೆ ಬೇಕಿಲ್ಲ. ನಾನು ನೋಡುವುದು ಇಷ್ಟು: ಗಿಡದ ಯಾವ ಭಾಗ, ಒಂದು ಮಾತ್ರೆಯಲ್ಲಿ ಸಕ್ರಿಯ ಅಂಶ ಎಷ್ಟು ಮಿಲಿಗ್ರಾಂ, ಸೀಸದಂಥ ಲೋಹಗಳಿಗೆ ಪರೀಕ್ಷೆ ಆಗಿದೆಯೇ. ಅರಿಶಿನಕ್ಕೆ ಬಣ್ಣ ಬರಲೆಂದು ಸೀಸದ ಕ್ರೋಮೇಟ್ ಬೆರೆಸಿದ್ದು ಪತ್ತೆಯಾದ ಪ್ರಕರಣಗಳಿವೆ. "ವಿಶೇಷ ಮಿಶ್ರಣ" ಎಂದಷ್ಟೇ ಬರೆದು ಪ್ರಮಾಣ ಮುಚ್ಚಿಟ್ಟರೆ ಅದನ್ನು ಕೊಳ್ಳುವುದಿಲ್ಲ.

ಹಾಗಾದರೆ ಏನೂ ಮಾಡಬಾರದೇ? ಮಾಡಬೇಕಾದದ್ದು ಬಹಳ ಇದೆ. ಅದರ ಜಾಹೀರಾತು ಮಾತ್ರ ಅಷ್ಟು ಕಾಣುವುದಿಲ್ಲ. 48 ಲ್ಯಾಬ್ರಡಾರ್ ನಾಯಿಗಳನ್ನು ಜೋಡಿ ಜೋಡಿಯಾಗಿ ಮರಿಗಳಾಗಿದ್ದಾಗಿನಿಂದ ಕೊನೆಯವರೆಗೆ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಜೋಡಿಯ ಇನ್ನೊಂದು ನಾಯಿಗಿಂತ ಕಾಲುಭಾಗ ಕಡಿಮೆ ತಿಂದ ನಾಯಿಗಳು ಸುಮಾರು 1.8 ವರ್ಷ ಹೆಚ್ಚು ಬದುಕಿದವು, ಅವುಗಳಲ್ಲಿ ಸಂಧಿವಾತವೂ ತಡವಾಗಿ ಕಾಣಿಸಿಕೊಂಡಿತು. ನನಗೆ ತಿಳಿದಂತೆ ಯಾವ ಮೂಲಿಕೆಯೂ ನಾಯಿಗೆ ಇಷ್ಟು ಆಯುಷ್ಯ ಕೊಟ್ಟದ್ದು ಸಾಬೀತಾಗಿಲ್ಲ. ಕುಂಟುತ್ತಿರುವ ದಪ್ಪ ನಾಯಿಯ ತೂಕ ಶೇಕಡಾ ಆರರಷ್ಟು ಇಳಿದರೂ ಕುಂಟು ಕಡಿಮೆಯಾದದ್ದನ್ನು ಇನ್ನೊಂದು ಅಧ್ಯಯನ ತೋರಿಸಿದೆ. ನುಣುಪು ನೆಲಕ್ಕೆ ಚಾಪೆ, ಮೆತ್ತನೆಯ ಹಾಸಿಗೆ, ಚಿಕ್ಕದಾದರೂ ದಿನವೂ ತಪ್ಪದ ನಡಿಗೆ. ಪೂರಕವೇ ಬೇಕೆಂದರೆ ಮೀನಿನೆಣ್ಣೆಯ ಒಮೆಗಾ-3 ಮುಂದಿದೆ. ಅದು ಮೂಲಿಕೆಯಲ್ಲ, ಗೊತ್ತು. ಆದರೆ 2022ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ವಿಶ್ಲೇಷಣೆ ಅದಕ್ಕೆ ಒಳ್ಳೆಯ ಮಾತು ಹೇಳಿತು, ಕೀಲಿಗೆಂದು ಕೊಡುವ ಬಹುಜನಪ್ರಿಯ ಪೂರಕವಾದ ಗ್ಲುಕೋಸಮೈನ್-ಕಾಂಡ್ರಾಯ್ಟಿನ್ ಜೋಡಿಗೆ ಹೇಳಲಿಲ್ಲ.

ಇನ್ನು ನೋವಿನ ಮಾತ್ರೆ. "ಇಂಗ್ಲಿಷ್ ಔಷಧಿ ಕಿಡ್ನಿ ಕೆಡಿಸುತ್ತದೆ" ಎಂದು ಹೆದರಿ ಪುಡಿಗೆ ಮೊರೆಹೋಗುವವರನ್ನು ಬಲ್ಲೆ. ಆ ಹೆದರಿಕೆ ಪೂರ್ತಿ ಸುಳ್ಳಲ್ಲ. ಅದಕ್ಕಾಗಿಯೇ ಕೊಡುವ ಮುನ್ನ ಮತ್ತು ಕೊಡುತ್ತಿರುವಾಗ ರಕ್ತ ಪರೀಕ್ಷೆ ಮಾಡಿಸುತ್ತಾರೆ, ಅದಕ್ಕಾಗಿಯೇ ಮನುಷ್ಯರ ನೋವಿನ ಮಾತ್ರೆಯನ್ನು ನಾಯಿಗೆ ಕೊಡಬಾರದು ಎನ್ನುತ್ತಾರೆ. ಔಷಧಿಯ ಅಪಾಯ ಏನೆಂದು ತಿಳಿದಿರುವುದರಿಂದ ಅದರ ಮೇಲೆ ಕಣ್ಣಿಡಬಹುದು. ಪ್ರಮಾಣವೇ ತಿಳಿಯದ ಪುಡಿಯ ವಿಷಯದಲ್ಲಿ ಆ ಅನುಕೂಲವೂ ಇಲ್ಲ. ಇತ್ತ ನೋವೂ ಸುಮ್ಮನೆ ಕೂರುವುದಿಲ್ಲ: ನಡೆಯದ ನಾಯಿಯ ಮಾಂಸ ಕರಗುತ್ತದೆ, ಮಾಂಸ ಕರಗಿದ ಕೀಲಿಗೆ ಇನ್ನಷ್ಟು ಭಾರ ಬೀಳುತ್ತದೆ.

ರಾತ್ರಿಯಿಡೀ ಅಡ್ಡಾಡುವ, ಮೂಲೆಯಲ್ಲಿ ಸಿಕ್ಕಿಕೊಂಡು ನಿಲ್ಲುವ, ಮನೆಯವರ ಗುರುತನ್ನೇ ಮರೆತಂತೆ ವರ್ತಿಸುವ ಮುದಿ ನಾಯಿಗಳ ಬಗ್ಗೆಯೂ ಒಂದು ಮಾತು. ಇದು ಮಿದುಳಿನ ಕಾಯಿಲೆ, ಮನುಷ್ಯರ ಮರೆಗುಳಿತನವನ್ನು ಬಹಳ ಮಟ್ಟಿಗೆ ಹೋಲುತ್ತದೆ. 2006ರಲ್ಲಿ ಗಿಂಕೊ ಎಲೆಯ ಸಾರವನ್ನು 42 ಮುದಿ ನಾಯಿಗಳಿಗೆ ಎಂಟು ವಾರ ಕೊಟ್ಟು ಸುಧಾರಣೆ ಕಂಡದ್ದಾಗಿ ವರದಿಯಾಯಿತು. ಅಲ್ಲೂ ಹೋಲಿಕೆಯ ಗುಂಪು ಇರಲಿಲ್ಲ. ರಾತ್ರಿಯ ಅಲೆದಾಟಕ್ಕೆ ಎಷ್ಟೋ ಸಲ ನೋವು, ಮೂತ್ರದ ಸೋಂಕು, ಕುಂದಿದ ದೃಷ್ಟಿ ಕಾರಣವಾಗಿರುತ್ತವೆ. ಅವುಗಳನ್ನು ತಳ್ಳಿಹಾಕಿದ ಮೇಲಷ್ಟೇ ಮಿದುಳಿನ ಮಾತು.

ಈಗಾಗಲೇ ಪುಡಿ ಹಾಕುತ್ತಿರುವವರಿಗೆ ನನ್ನ ಕೋರಿಕೆ ಒಂದಿದೆ. ನೋವಿನ ಔಷಧಿಯನ್ನಾಗಲಿ ಆಹಾರವನ್ನಾಗಲಿ ಬದಲಿಸಬೇಡಿ. ನಾಯಿ ನಡೆಯುವುದನ್ನು, ಏಳುವುದನ್ನು, ಮೆಟ್ಟಿಲು ಹತ್ತುವುದನ್ನು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಮೊಬೈಲ್‌ನಲ್ಲಿ ಚಿತ್ರಿಸಿಕೊಳ್ಳಿ. ವೈದ್ಯರನ್ನು ಕೇಳಿ ಪುಡಿಯನ್ನು ಕೆಲವು ವಾರ ನಿಲ್ಲಿಸಿ, ಮತ್ತೆ ಹಾಗೆಯೇ ಚಿತ್ರಿಸಿ. ಆಮೇಲೆ ಎರಡನ್ನೂ ಬೆರೆಸಿ, ಪುಡಿಯ ವಿಷಯ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಯಾವ ದಿನ ನಾಯಿ ಹೆಚ್ಚು ಸಲೀಸಾಗಿದೆ ಎಂದು ಕೇಳಿ. ವ್ಯತ್ಯಾಸವನ್ನು ಅವರು ಗುರುತಿಸಿದರೆ ವೈದ್ಯರಿಗೂ ಅದನ್ನು ತೋರಿಸಿ, ಪುಡಿಯನ್ನು ಮುಂದುವರಿಸಿ. ಗುರುತಿಸಲಾಗದಿದ್ದರೆ, ಮುಂದಿನ ಡಬ್ಬಿಗೆ ಎತ್ತಿಟ್ಟ ಹಣದಲ್ಲಿ ಒಂದು ಎಕ್ಸ್-ರೇ ಮತ್ತು ರಕ್ತ ಪರೀಕ್ಷೆ ಮಾಡಿಸಿ.