ಊರೆಲ್ಲ ನೋಡಿದ ಮೇಲೆ ನೋಡಿದ 'ಮುಂಗಾರು ಮಳೆ'

'ಮುಂಗಾರು ಮಳೆ'ಯನ್ನು ಕೊನೆಗೂ ನೋಡಿದೆ. ನಗಬೇಡಿ. 2006ರ ಡಿಸೆಂಬರ್ 29ಕ್ಕೆ ಬಿಡುಗಡೆಯಾಗಿ, ಬೆಂಗಳೂರಿನ ಪಿವಿಆರ್‌ನಲ್ಲಿ ಒಂದು ವರ್ಷಕ್ಕೂ ಮೀರಿ ಓಡಿದ ಸಿನಿಮಾ ಅದು. ಆಗ ನಾನಿದ್ದದ್ದು ಪುಣೆಯಲ್ಲಿ. ಊರಿಗೆ ಬಂದಾಗ ಟಿಕೆಟ್ ಸಿಗುತ್ತಿರಲಿಲ್ಲ, ಟಿಕೆಟ್ ಸಿಗುವಂತಾದಾಗ ರಜೆ ಸಿಗುತ್ತಿರಲಿಲ್ಲ. "ಏನೋ ಮಾರಾಯ, ಇನ್ನೂ ನೋಡಿಲ್ವಾ?" ಅಂತ ಸಿಕ್ಕವರೆಲ್ಲ ಕೇಳಿ ಕೇಳಿ ಆಮೇಲೆ ಒಂಥರಾ ಹಠವೇ ಬಂದುಬಿಟ್ಟಿತು. ಮೊನ್ನೆ ಶಿವಮೊಗ್ಗದಲ್ಲಿ ಅಕ್ಕನ ಮನೆಯ ಶೋಕೇಸಿನಲ್ಲಿ, ಯಾರದೋ ಮದುವೆ ಸಿಡಿಗಳ ನಡುವೆ ಇದರ ಡಿವಿಡಿ ಕಾಣಿಸಿತು. ಪ್ಲೇಯರ್ ಇನ್ನೂ ಓಡುತ್ತದೆ ಅನ್ನೋದೇ ದೊಡ್ಡ ಆಶ್ಚರ್ಯ.

ತಡವಾಗಿ ನೋಡುವವನಿಗೆ ಕಥೆ ಗೊತ್ತಿರುತ್ತದೆ ಅನ್ನೋದು ಸಮಸ್ಯೆಯೇ ಅಲ್ಲ. ಹಾಡುಗಳಂತೂ ಆಟೋದಲ್ಲಿ, ಮದುವೆ ಮನೆ ಆರ್ಕೆಸ್ಟ್ರಾದಲ್ಲಿ, ಕಾಲರ್ ಟ್ಯೂನಿನಲ್ಲಿ ಕೇಳಿ ಬಾಯಿಪಾಠ ಆಗಿವೆ. ಮನೋ ಮೂರ್ತಿ, ಜಯಂತ ಕಾಯ್ಕಿಣಿ, ಸೋನು ನಿಗಮ್ ಸೇರಿ ಮಾಡಿದ 'ಅನಿಸುತಿದೆ ಯಾಕೋ ಇಂದು' ಹಾಡನ್ನು ನಾನು ಸಿನಿಮಾ ಇಲ್ಲದೆಯೇ ಪೂರ್ತಿ ಅನುಭವಿಸಿಯಾಗಿತ್ತು. ಪರದೆಯ ಮೇಲೆ ಬಂದಾಗ ಅದು ಹೊಸದಾಗಿ ಏನನ್ನೂ ಕೊಡಲಿಲ್ಲ, ಕಿತ್ತುಕೊಳ್ಳಲೂ ಇಲ್ಲ. ನನ್ನ ತಕರಾರಿರೋದು ನಗುವಿನ ಬಗ್ಗೆ.

ಮೊದಲರ್ಧ ಪೂರ್ತಿ ನಗಿಸೋದಕ್ಕೇ ಇದೆ. ಹುಡುಗಿಯನ್ನು ನೋಡುತ್ತಾ ನಡೆದ ಪ್ರೀತಮ್ ಮ್ಯಾನ್‌ಹೋಲಿಗೆ ಬೀಳುತ್ತಾನೆ. ಅವಳ ಹೃದಯದಾಕಾರದ ವಾಚು ಇವನ ಕೈಸೇರುತ್ತದೆ. ಅಮ್ಮನ ಜೊತೆ ಮಡಿಕೇರಿಗೆ ಮದುವೆಗೆ ಹೋದರೆ ಮದುಮಗಳು ಅವಳೇ, ನಂದಿನಿ! ಅಲ್ಲಿಂದಾಚೆಗೆ ಪ್ರೀತಮ್ ಆಗಿರುವ ಗಣೇಶ್ ಬಾಯಿ ಮುಚ್ಚುವುದಿಲ್ಲ. ಉದಯ ಟಿವಿಯ 'ಕಾಮಿಡಿ ಟೈಮ್'ನಲ್ಲಿ "ನಮಸ್ಕಾರ ನಮಸ್ಕಾರ ನಮಸ್ಕಾರ" ಅಂತ ಬರುತ್ತಿದ್ದ ಹುಡುಗ ಅದೇ ಧಾಟಿಯಲ್ಲಿ, ಎದುರಿಗಿದ್ದವರ ಉತ್ತರಕ್ಕೂ ಕಾಯದೆ ಮಾತಾಡುತ್ತಾನೆ. ನಿರ್ದೇಶಕ ಯೋಗರಾಜ್ ಭಟ್ಟರ ಆ ಮಾತುಗಳಿಗೆ ಅಕ್ಕ ಡೈಲಾಗ್ ಬರುವ ಮೊದಲೇ ನಗುತ್ತಿದ್ದಳು, ಥಿಯೇಟರಿನಲ್ಲಿ ನಕ್ಕ ನೆನಪಿಗೆ. ಕಾಲೇಜಿಗೆ ಹೋಗುವ ಅವಳ ಮಗಳು ಮಾತ್ರ ಮೊಬೈಲಿನಿಂದ ತಲೆಯೆತ್ತಿ, "ಮಾಮ, ಇವನು ಉಸಿರು ಯಾವಾಗ ತಗೋತಾನೆ?" ಅಂದಳು.

ಅವಳ ತಪ್ಪೇನಿಲ್ಲ. ಹುಟ್ಟಿದಾಗಿನಿಂದ ಅವಳು ನೋಡಿರೋದೇ ಈ ಹೀರೋನ ನಕಲುಗಳನ್ನು. ಕೆಲಸವಿಲ್ಲದೆ ತಿರುಗುವ, ಅಮ್ಮನ ಮುದ್ದಿನ, ತನ್ನನ್ನು ತಾನೇ ಗೇಲಿ ಮಾಡಿಕೊಳ್ಳುತ್ತಾ ಉದ್ದುದ್ದ ಮಾತಾಡುವ ಹುಡುಗ 2006ರಲ್ಲಿ ಹೊಸಬ. ಮಚ್ಚು ಹಿಡಿದವರ ನಡುವೆ ಮೊಲ ಹಿಡಿದುಕೊಂಡು ಬಂದವನು. ಆಮೇಲಿನ ಹತ್ತು ವರ್ಷ ಗಾಂಧಿನಗರದ ಚಿತ್ರರಂಗ ಅವನನ್ನೇ ಬೇರೆ ಬೇರೆ ಶರ್ಟು ಹಾಕಿಸಿ ಕಳಿಸಿತು. ನಕಲುಗಳನ್ನು ಮೊದಲು ನೋಡಿ ಬಂದವರಿಗೆ ಅಸಲಿಯೇ ಹಳಸಲು ಅನ್ನಿಸುತ್ತದೆ.

ಆದರೆ ಇದಕ್ಕೆ ಕಾಲ ಒಂದೇ ಕಾರಣ ಅಂದರೆ ನಾನೊಪ್ಪೋದಿಲ್ಲ. ಫಣಿ ರಾಮಚಂದ್ರರ 'ಗಣೇಶನ ಮದುವೆ' 1990ರದ್ದು. ಅದನ್ನು ಈಗಲೂ ಟಿವಿಯಲ್ಲಿ ಅರ್ಧದಿಂದ ನೋಡಿದರೂ ನಗು ಬರುತ್ತದೆ. ದಿನಾ ಜಗಳಾಡುವ ವಟಾರದ ಹುಡುಗಿಯೇ ತಾನು ಪತ್ರ ಬರೆದು ಪ್ರೀತಿಸುತ್ತಿರುವ ಗಾಯಕಿ ಅಂತ ಗಣೇಶನಿಗೆ ಗೊತ್ತಿಲ್ಲ, ನಮಗೆ ಗೊತ್ತು. ಅಲ್ಲಿ ನಗು ಇರೋದು ಕಥೆಯ ಗಂಟಿನಲ್ಲಿ, ಒಬ್ಬರೇ ಕೂತು ನೋಡಿದರೂ ಸಾಕು. 'ಮುಂಗಾರು ಮಳೆ'ಯ ನಗು ಇರೋದು ನಾಲಿಗೆಯಲ್ಲಿ. ಅದಕ್ಕೆ ಪಕ್ಕದ ಸೀಟಿನವನ ಶಿಳ್ಳೆ ಬೇಕು, ಹಿಂದಿನ ಸಾಲಿನ ಹುಡುಗಿಯರ ಕಿಸಿಕಿಸಿ ಬೇಕು. ಸೋಫಾದ ಮೇಲೆ ಮೂರು ಜನ ಕೂತಾಗ ಪ್ರತಿ ಪಂಚಿಗೂ ಆಮೇಲೆ ಒಂದು ಖಾಲಿ ಜಾಗ ಕೇಳಿಸುತ್ತಿತ್ತು.

ವಿಚಿತ್ರ ನೋಡಿ, 'ಗಣೇಶನ ಮದುವೆ'ಯಲ್ಲಿ ಗಣೇಶನಾಗಿದ್ದ ಅನಂತ್ ನಾಗ್ ಇಲ್ಲಿ ಹುಡುಗಿಯ ಅಪ್ಪ. ಕಿವಿ ಮಂದವಾದ ಕರ್ನಲ್ ಸುಬ್ಬಯ್ಯ. ಹದಿನಾರು ವರ್ಷ ಹಿಂದೆ ಅದೇ ಮನೆಗೆ ಪ್ರೀತಿಸಲು ಬರಬಹುದಾಗಿದ್ದ ಹೀರೋ ಈಗ ಬಾಗಿಲು ಕಾಯುತ್ತಿದ್ದಾನೆ. ಪ್ರೀತಮ್ ಮದುವೆ ಮಾತೆತ್ತಬೇಕು ಅಂತಿರುವಾಗಲೇ ಕರ್ನಲ್ ತಮ್ಮ ಹೃದಯದ ಕಾಯಿಲೆಯ ವಿಷಯ ಹೇಳಿ, ಮದುಮಗ ಗೌತಮನ ಜೊತೆ ಮಗಳ ಮದುವೆ ನೋಡುವುದೊಂದೇ ಆಸೆ ಅನ್ನುತ್ತಾರಲ್ಲ, ಆ ಜಾಗ ಅದ್ಭುತ. ವಟವಟ ಅನ್ನುತ್ತಿದ್ದವನ ಮಾತು ಅಲ್ಲಿಗೆ ನಿಲ್ಲುತ್ತದೆ. ಅಷ್ಟೊಂದು ಮಾತಾಡಿಸಿದ್ದೇ ಈ ಮೌನಕ್ಕಾಗಿ ಅಂತ ನನಗೆ ಆಗ ಹೊಳೆಯಿತು. ಸೋದರಸೊಸೆ ಮೊಬೈಲ್ ಪಕ್ಕಕ್ಕಿಟ್ಟದ್ದೂ ಆಗಲೇ. ಪ್ರೀತಮ್ ಜೊತೆಗಿದ್ದ ದೇವದಾಸ್ ಅನ್ನೋ ಮೊಲ ಸಾಯುವಾಗ ಅವಳ ಕಣ್ಣಲ್ಲಿ ನೀರು. ಅಳುವುದಕ್ಕೆ ಮನೆಯೇ ಸರಿ, ಲೈಟ್ ಹಾಕುತ್ತಾರೆ ಅನ್ನೋ ಭಯ ಇಲ್ಲ.

ಮಳೆಯ ವಿಷಯದಲ್ಲಿ ಮಾತ್ರ ಹೊಟ್ಟೆ ಉರಿಯಿತು. ಛಾಯಾಗ್ರಾಹಕ ಎಸ್. ಕೃಷ್ಣ ಸಕಲೇಶಪುರ, ಮಡಿಕೇರಿ, ಜೋಗದಲ್ಲಿ ಹಿಡಿದ ಆ ಮಳೆ ಈ ಡಿವಿಡಿಯಲ್ಲಿ ರಾತ್ರಿ ದೃಶ್ಯ ಬಂದಾಗಲೆಲ್ಲ ಬೂದು ಚೌಕಗಳಾಗಿ ಒಡೆದುಹೋಗುತ್ತಿತ್ತು. ಹೊರಗೆ ಶಿವಮೊಗ್ಗದ ಮಳೆ ಧೋ ಅಂತ ಸುರಿಯುತ್ತಿತ್ತು, ಅಷ್ಟೇ ಸಮಾಧಾನ.

ಮುಗಿದ ಮೇಲೆ ಸೊಸೆ ಕೇಳಿದ ಪ್ರಶ್ನೆಗೆ ಅಕ್ಕನ ಹತ್ತಿರವೂ ಉತ್ತರ ಇರಲಿಲ್ಲ. "ನಂದಿನಿಗೂ ಇವನೇ ಇಷ್ಟ ಆಗಿದ್ನಲ್ಲ, ಅವಳನ್ನ ಯಾಕೆ ಯಾರೂ ಕೇಳಲಿಲ್ಲ?" ಹೌದಲ್ಲ. ಅಪ್ಪನ ಆಸೆ ಗೊತ್ತಾಯಿತು, ಹುಡುಗನ ತ್ಯಾಗ ಗೊತ್ತಾಯಿತು, ಹುಡುಗಿ ಮಂಟಪದಲ್ಲಿ ಕೂತಳು. ಪೂಜಾ ಗಾಂಧಿಗೆ ಕಥೆಯಲ್ಲಿ ಸಿಕ್ಕ ಕೆಲಸ ಚೆನ್ನಾಗಿ ಕಾಣೋದು, ಮಳೆಯಲ್ಲಿ ನೆನೆಯೋದು, ಕೊನೆಗೆ ಅಳೋದು. "ಆಗ ನಮಗೆ ಹಾಗೆಲ್ಲ ಅನ್ನಿಸಲೇ ಇಲ್ಲ ಕಣೇ, ಅವನಿಗಾಗಿ ಅತ್ತು ಅತ್ತು ಸಾಕಾಗಿತ್ತು" ಅಂದಳು ಅಕ್ಕ. ನನಗಿದು ಸಣ್ಣ ಕೊರತೆ ಅನ್ನಿಸೋದಿಲ್ಲ. ಪ್ರೇಮಕಥೆಯಲ್ಲಿ ಇಬ್ಬರಿರಬೇಕು. ಇಲ್ಲಿ ನಿಜವಾದ ಜೋಡಿ ಪ್ರೀತಮ್ ಮತ್ತು ಕರ್ನಲ್.

ಆಗ ಥಿಯೇಟರಿನಲ್ಲಿ ನೋಡಿದವರು ಕಾಮೆಂಟಿನಲ್ಲಿ ಹೇಳಿ: ನಂದಿನಿಯ ಬಗ್ಗೆ ಆವತ್ತೇ ಯಾರಿಗಾದರೂ ಹೀಗನ್ನಿಸಿತ್ತಾ? "ಹಾಡು ಚೆನ್ನಾಗಿದೆ" ಅಂತ ಮಾತ್ರ ಬರೆಯಬೇಡಿ, ಅದು ಗೊತ್ತು.